ಡೋವರ್‌ನಿಂದ ಕಾಣುವ ಫ್ರಾನ್ಸ್‌ಗೆ ಎಷ್ಟು ಕಾಗದ?

ಲಂಡನ್‌ನ ಸೇಂಟ್ ಪ್ಯಾಂಕ್ರಸ್ ನಿಲ್ದಾಣದಲ್ಲಿ ಪ್ಯಾರಿಸ್ ರೈಲು ಹಿಡಿಯುವವರು ಟಿಕೆಟ್ ತೋರಿಸಿ, ಬ್ಯಾಗನ್ನು ಎಕ್ಸ್‌ರೇ ಯಂತ್ರದೊಳಗೆ ತೂರಿಸಿ, ಬಿಚ್ಚಿದ ಬೆಲ್ಟನ್ನು ಮತ್ತೆ ಕಟ್ಟಿಕೊಳ್ಳುವಷ್ಟರಲ್ಲಿ ಎದುರಿನ ಗಾಜಿನ ಗೂಡಿನಿಂದ ‘ಬೊಂಜೂರ್’ ಎಂಬ ದನಿ ಬರುತ್ತದೆ. ಗೂಡಿನಲ್ಲಿ ಕೂತವರು ಫ್ರಾನ್ಸ್‌ನ ಗಡಿ ಪೊಲೀಸರು. ಸಮವಸ್ತ್ರ ಫ್ರಾನ್ಸಿನದು, ಕಾನೂನು ಫ್ರಾನ್ಸಿನದು, ಕೈಯಲ್ಲಿರುವ ಮೊಹರೂ ಫ್ರಾನ್ಸಿನದೇ. ಕುರ್ಚಿ ಹಾಕಿರುವ ನೆಲ ಮಾತ್ರ ಲಂಡನ್ನಿನದು. ಅವರು ಹ್ಞೂಂ ಅಂದರೆ ಆ ಕ್ಷಣಕ್ಕೇ ಫ್ರಾನ್ಸ್ ಪ್ರವೇಶ ಮುಗಿಯಿತು. ಎರಡೂಕಾಲು ಗಂಟೆ ಬಿಟ್ಟು ಪ್ಯಾರಿಸ್‌ನ ಗಾರ್ ದ್ಯು ನೋರ್ ನಿಲ್ದಾಣದಲ್ಲಿ ಇಳಿದಾಗ ಪಾಸ್‌ಪೋರ್ಟ್ ತೋರಿಸುವ ಕೆಲಸ ಉಳಿದಿರುವುದಿಲ್ಲ. ಊಹೂಂ ಅಂದರೆ ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಿ ಮೆಟ್ರೊ ಹತ್ತಿ ಮನೆ ಸೇರುವುದು.

ಈ ಏರ್ಪಾಡು ಇಂಗ್ಲಿಷ್ ಕಾಲುವೆಯ ಕೆಳಗೆ ಸುರಂಗ ಕೊರೆಯುವಾಗಲೇ ಆದದ್ದು. 1991ರ ಸಾಂಗಾಟ್ ಒಪ್ಪಂದ ಸುರಂಗದ ತಪಾಸಣೆಗೆ ದಾರಿ ಮಾಡಿತು. 2003ರ ಲ ತೂಕೆ ಒಪ್ಪಂದ ಅದನ್ನು ಬಂದರುಗಳಿಗೂ ವಿಸ್ತರಿಸಿತು. ಹೀಗಾಗಿ ಡೋವರ್ ಬಂದರಿನಲ್ಲಿ ಫ್ರೆಂಚ್ ಅಧಿಕಾರಿಗಳಿದ್ದಾರೆ, ಆಚೆ ದಡದ ಕ್ಯಾಲೆಯಲ್ಲಿ ಬ್ರಿಟಿಷ್ ಅಧಿಕಾರಿಗಳಿದ್ದಾರೆ. ಎರಡೂ ದೇಶಗಳು ತಮ್ಮ ಬಾಗಿಲನ್ನು ಪಕ್ಕದ ಮನೆಯ ಅಂಗಳದಲ್ಲಿ ನಿಲ್ಲಿಸಿಕೊಂಡಿವೆ. ಡೋವರ್‌ಗೂ ಫ್ರಾನ್ಸಿಗೂ ನಡುವೆ ಸಮುದ್ರ ತೀರಾ ಕಿರಿದಾದಲ್ಲಿ ಸುಮಾರು 33 ಕಿಲೋಮೀಟರ್. ಆಕಾಶ ತಿಳಿಯಾಗಿದ್ದ ದಿನ ಸುಣ್ಣದ ಬಂಡೆಗಳ ಮೇಲೆ ನಿಂತರೆ ಬರಿಗಣ್ಣಿಗೇ ಫ್ರಾನ್ಸ್ ಕಾಣುತ್ತದೆ.

ಕಾಣುವುದಕ್ಕೆ ವೀಸಾ ಬೇಡ. ಹೋಗುವುದಕ್ಕೆ ಬೇಕೇ ಎಂಬುದು ಮಾತ್ರ ಕೈಯಲ್ಲಿರುವ ಪುಸ್ತಕದ ಮೇಲೆ ನಿಂತಿದೆ. ಬ್ರಿಟನ್ನಿನಲ್ಲಿ ನೆಲೆಸಿದ ಕನ್ನಡದ ಮನೆಗಳಲ್ಲಿ ಇದು ಗಂಡ, ಹೆಂಡತಿ, ಮಕ್ಕಳ ನಡುವೆಯೇ ಗೆರೆ ಎಳೆಯುತ್ತದೆ. ಗಂಡ ಬ್ರಿಟಿಷ್ ಪೌರತ್ವ ತೆಗೆದುಕೊಂಡಿರುತ್ತಾನೆ. ಹೆಂಡತಿ ಭಾರತದ ಪಾಸ್‌ಪೋರ್ಟ್ ಬಿಟ್ಟಿರುವುದಿಲ್ಲ. ಭಾರತದಲ್ಲಿ ಇಬ್ಬಗೆಯ ಪೌರತ್ವ ಇಲ್ಲ, ಬಿಟ್ಟರೆ ಬಿಟ್ಟಂತೆಯೇ. ಪೌರತ್ವ ಬಿಟ್ಟವರಿಗೆ ಸಿಗುವ ಒಸಿಐ ಕಾರ್ಡ್ ಇಟ್ಟುಕೊಂಡು ಊರಲ್ಲಿ ಹೊಲ ಕೊಳ್ಳಲಾಗುವುದಿಲ್ಲ. ಇನ್ನೂ ಕೆಲವರಿಗೆ ಕಾರಣವೇ ಬೇಡ, ಮನಸ್ಸು ಒಪ್ಪುವುದಿಲ್ಲ ಅಷ್ಟೇ. ಹೀಗಾಗಿ ಕ್ರಿಸ್‌ಮಸ್ ರಜೆಗೆ ಡಿಸ್ನಿಲ್ಯಾಂಡ್‌ಗೆ ಹೋಗೋಣ ಅಂದರೆ ಮಗಳೂ ಅಪ್ಪನೂ ಆ ಸಂಜೆಯೇ ಟಿಕೆಟ್ ಕೊಳ್ಳಬಹುದು. ಅಮ್ಮ ಅರ್ಜಿ ಹಾಕಿ ಕಾಯಬೇಕು.

ಹೀಗೆ ಕಾಯದೆ ಹೊರಡುವ ಕನಸು ಹೊಸದಲ್ಲ. ಎರಡನೇ ಮಹಾಯುದ್ಧ ಮುಗಿದ ಹೊತ್ತಿಗೆ ಬ್ರಿಟನ್ನಿನ ವಿದೇಶಾಂಗ ಸಚಿವರಾದವರು ಅರ್ನೆಸ್ಟ್ ಬೆವಿನ್, ಸಾರಿಗೆ ಕಾರ್ಮಿಕರ ಸಂಘ ಕಟ್ಟಿ ಮೇಲೆ ಬಂದ ಮನುಷ್ಯ. ನಿಮ್ಮ ವಿದೇಶಾಂಗ ನೀತಿ ಏನು ಎಂದು ಕೇಳಿದವರಿಗೆ ಅವರು ಕೊಟ್ಟ ಉತ್ತರ ಪ್ರಸಿದ್ಧ. ವಿಕ್ಟೋರಿಯಾ ನಿಲ್ದಾಣಕ್ಕೆ ಹೋಗಿ, ಟಿಕೆಟ್ ಕೊಂಡು, ಮನಸ್ಸು ಬಂದ ಕಡೆ ಹೋಗುವಂತಾಗಬೇಕು ಎಂಬರ್ಥದ ಮಾತು ಅದು. ಅವರದೇನು ಅತಿಯಾಸೆಯಲ್ಲ. 1914ಕ್ಕೆ ಮುಂಚೆ ರಷ್ಯಾ, ಆಟೊಮನ್ ಸಾಮ್ರಾಜ್ಯದಂಥ ಕೆಲವನ್ನು ಬಿಟ್ಟರೆ ಯುರೋಪಿನ ಬಹುಪಾಲು ದೇಶಗಳ ನಡುವೆ ಪಾಸ್‌ಪೋರ್ಟ್ ಇಲ್ಲದೆ ಓಡಾಡುವುದು ಸಾಮಾನ್ಯವಾಗಿತ್ತು. ಮೊದಲ ಮಹಾಯುದ್ಧದಲ್ಲಿ ಗೂಢಚಾರರ ಭಯಕ್ಕೆ ತಂದ ಕ್ರಮ ಯುದ್ಧ ಮುಗಿದ ಮೇಲೂ ಹೋಗಲಿಲ್ಲ. 1920ರಲ್ಲಿ ಪ್ಯಾರಿಸ್‌ನಲ್ಲಿ ಸಮ್ಮೇಳನ ಸೇರಿ ಪಾಸ್‌ಪೋರ್ಟಿಗೆ ಒಂದೇ ಬಗೆಯ ಪುಸ್ತಕದ ರೂಪ ಗೊತ್ತುಮಾಡಲಾಯಿತು. ತಾತ್ಕಾಲಿಕ ಎಂದು ಬಂದದ್ದು ಕಾಯಂ ಆಗುವುದು ಬರೀ ನಮ್ಮ ಸರ್ಕಾರಿ ಕಚೇರಿಗಳ ಗುಣವಲ್ಲ.

ಬೆವಿನ್ ಕನಸು ಕಂಡದ್ದನ್ನು ಅವರ ದೇಶವನ್ನು ಬಿಟ್ಟು ಉಳಿದವರು ಮಾಡಿಕೊಂಡರು. 1985ರ ಜೂನ್ 14ರಂದು ಫ್ರಾನ್ಸ್, ಪಶ್ಚಿಮ ಜರ್ಮನಿ, ಬೆಲ್ಜಿಯಂ, ನೆದರ್ಲೆಂಡ್ಸ್, ಲಕ್ಸೆಂಬರ್ಗ್ ದೇಶಗಳ ಪ್ರತಿನಿಧಿಗಳು ಮೊಸೆಲ್ ನದಿಯ ಮೇಲೆ ತೇಲುತ್ತಿದ್ದ ಹಡಗೊಂದರಲ್ಲಿ ಕೂತು ಸಹಿ ಹಾಕಿದರು. ದಡದಲ್ಲಿದ್ದ ದ್ರಾಕ್ಷಿ ಬೆಳೆಯುವ ಲಕ್ಸೆಂಬರ್ಗಿನ ಸಣ್ಣ ಹಳ್ಳಿಯ ಹೆಸರು ಷೆಂಗೆನ್. ಆ ಹಳ್ಳಿಯ ಹೆಸರು ಈಗ ಬೆಂಗಳೂರಿನ ಯಾವ ಟ್ರಾವೆಲ್ ಏಜೆಂಟನ್ನು ಕೇಳಿದರೂ ಗೊತ್ತು. 1995ರ ಮಾರ್ಚ್‌ನಲ್ಲಿ ಗಡಿಯ ತಪಾಸಣೆ ನಿಜಕ್ಕೂ ತೆಗೆದರು. ಇಂದು ಈ ವಲಯದಲ್ಲಿ 29 ದೇಶಗಳಿವೆ. ಯುರೋಪಿಯನ್ ಒಕ್ಕೂಟದಲ್ಲಿಲ್ಲದ ಸ್ವಿಟ್ಜರ್ಲೆಂಡ್, ನಾರ್ವೆ, ಐಸ್‌ಲ್ಯಾಂಡ್, ಲಿಕ್ಟೆನ್‌ಸ್ಟೈನ್ ಕೂಡ ಒಳಗಿವೆ. ಕ್ರೊಯೇಷಿಯಾ 2023ರ ಜನವರಿಯಲ್ಲಿ ಸೇರಿತು. ರೊಮೇನಿಯಾ, ಬಲ್ಗೇರಿಯಾಗಳ ರಸ್ತೆ ಗಡಿಗಳೂ 2025ರ ಜನವರಿ 1ರಂದು ತೆರೆದುಕೊಂಡವು. ಬ್ರಿಟನ್ ಒಕ್ಕೂಟದಲ್ಲಿದ್ದ ಕಾಲದಲ್ಲೂ ಷೆಂಗೆನ್‌ಗೆ ಸೇರಿರಲಿಲ್ಲ. ಐರ್ಲೆಂಡ್ ಈಗಲೂ ಇಲ್ಲ.

ತೆರೆದ ಗಡಿ ಎಂದರೆ ಜೇಬಿನಲ್ಲಿ ಪಾಸ್‌ಪೋರ್ಟ್ ಬೇಡ ಎಂದೇನಲ್ಲ. 2015ರ ನವೆಂಬರ್‌ನ ಪ್ಯಾರಿಸ್ ದಾಳಿಗಳ ನಂತರ ಫ್ರಾನ್ಸ್ ತನ್ನ ಒಳಗಡಿಗಳಲ್ಲಿ ತಪಾಸಣೆ ಶುರುಮಾಡಿ ಅದನ್ನು ಮತ್ತೆ ಮತ್ತೆ ಮುಂದುವರಿಸುತ್ತ ಬಂದಿದೆ. ಜರ್ಮನಿ 2024ರ ಸೆಪ್ಟೆಂಬರ್ 16ರಿಂದ ಸುತ್ತಲಿನ ಎಲ್ಲ ನೆಲಗಡಿಗಳಿಗೂ ಅದನ್ನೇ ಹಾಕಿತು. ಸ್ಟ್ರಾಸ್‌ಬರ್ಗ್‌ನಿಂದ ನದಿ ದಾಟಿ ಜರ್ಮನಿಯಲ್ಲಿ ಕಾಫಿ ಕುಡಿದು ಬರುತ್ತೇನೆ ಎಂದು ಪಾಸ್‌ಪೋರ್ಟನ್ನು ಹೋಟೆಲ್‌ನಲ್ಲೇ ಬಿಟ್ಟು ಹೊರಡಬೇಡಿ.

ವರ್ಕ್ ಪರ್ಮಿಟ್‌ನಲ್ಲಿ ಬ್ರಿಟನ್‌ಗೆ ಬಂದ ಬೆಂಗಳೂರಿನ ಸಾಫ್ಟ್‌ವೇರ್ ಹುಡುಗನ ಲೆಕ್ಕಕ್ಕೆ ಬರೋಣ. ಅವನು ಲಂಡನ್‌ನಲ್ಲಿ ತೆರಿಗೆ ಕಟ್ಟುತ್ತಾನೆ, ಮನೆ ಬಾಡಿಗೆ ಕಟ್ಟುತ್ತಾನೆ, ಆರೋಗ್ಯ ಸೇವೆಗೆಂದು ಪ್ರತ್ಯೇಕ ಶುಲ್ಕವನ್ನೂ ಕಟ್ಟಿ ಬಂದಿರುತ್ತಾನೆ. ಫ್ರಾನ್ಸ್ ದೃಷ್ಟಿಯಲ್ಲಿ ಅದ್ಯಾವುದೂ ಅವನ ಭಾರತೀಯ ಪಾಸ್‌ಪೋರ್ಟನ್ನು ಬದಲಿಸುವುದಿಲ್ಲ. ಮೂರು ದಿನದ ಪ್ಯಾರಿಸ್ ಪ್ರವಾಸಕ್ಕೂ ಷೆಂಗೆನ್ ವೀಸಾ ಬೇಕು. ಶುಲ್ಕ 2024ರ ಜೂನ್ 11ರಿಂದ 80 ಯೂರೋದಿಂದ 90ಕ್ಕೆ ಏರಿದೆ. ಆರರಿಂದ ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ 45, ಆರರ ಕೆಳಗೆ ಉಚಿತ. ಅರ್ಜಿ ಪಡೆಯುವ ಕೇಂದ್ರದ ಸೇವಾ ಶುಲ್ಕ ಬೇರೆ. ವೀಸಾ ಕೊಡದಿದ್ದರೂ ಹಣ ಹಿಂದಕ್ಕೆ ಬರುವುದಿಲ್ಲ.

ಪ್ರವಾಸಕ್ಕೆ ಆರು ತಿಂಗಳಿರುವಾಗಿನಿಂದ ಅರ್ಜಿ ಹಾಕಬಹುದು. ಕಡೇ ಗಡುವು 15 ದಿನ ಮುಂಚೆ. ಸಾಮಾನ್ಯವಾಗಿ 15 ದಿನದಲ್ಲಿ ತೀರ್ಮಾನ ಆಗಬೇಕು, ಅನುಮಾನ ಬಂದರೆ 45 ದಿನಕ್ಕೂ ಎಳೆಯಬಹುದು. ನಿಯಮದ ಪುಸ್ತಕದಲ್ಲಿ ಇಷ್ಟೇ. ಆದರೆ ಪುಸ್ತಕದಲ್ಲಿ ಇಲ್ಲದ ದೊಡ್ಡ ತಲೆನೋವು ಅಪಾಯಿಂಟ್‌ಮೆಂಟ್. ಬೇಸಿಗೆ ಹತ್ತಿರವಾದಂತೆ ಸ್ಲಾಟುಗಳು ಖಾಲಿಯಾಗುತ್ತವೆ. ಜನ ಮಧ್ಯರಾತ್ರಿ ಎದ್ದು ಮೊಬೈಲ್ ಪರದೆ ಒತ್ತುತ್ತ ಕೂರುತ್ತಾರೆ. ‘ಸ್ಲಾಟ್ ಕೊಡಿಸುತ್ತೇವೆ’ ಎಂದು ಹಣ ಕೇಳುವವರು ಹುಟ್ಟಿಕೊಳ್ಳುತ್ತಾರೆ. ನಮ್ಮ ಊರುಗಳಲ್ಲಿ ತತ್ಕಾಲ್ ಟಿಕೆಟ್ಟಿಗೆ ಪಟ್ಟ ಪಾಡು ನಮ್ಮವರಿಗೆ ಚೆನ್ನಾಗಿ ಅಭ್ಯಾಸವಾಗಿರುವುದರಿಂದ ಎದೆಗುಂದುವುದಿಲ್ಲ.

ಫ್ರಾನ್ಸಿನ ಸ್ಲಾಟ್ ಇಲ್ಲ, ಇನ್ನೊಂದು ದೇಶದ್ದು ಖಾಲಿ ಇದೆ, ಅಲ್ಲಿ ಅರ್ಜಿ ಹಾಕಿ ಪ್ಯಾರಿಸ್‌ಗೆ ಹೋಗೋಣ ಎಂಬುದು ಎಲ್ಲರಿಗೂ ಹೊಳೆಯುವ ಉಪಾಯ. ನಿಯಮ ಅದನ್ನು ಒಪ್ಪುವುದಿಲ್ಲ. ಎಲ್ಲಿ ಹೆಚ್ಚು ದಿನ ಇರುತ್ತೀರೋ ಆ ದೇಶಕ್ಕೆ ಅರ್ಜಿ ಹಾಕಬೇಕು, ದಿನಗಳು ಸಮನಾಗಿದ್ದರೆ ಮೊದಲು ಕಾಲಿಡುವ ದೇಶಕ್ಕೆ. ಗಡಿಯಲ್ಲಿ ಅಧಿಕಾರಿಗೆ ಹೋಟೆಲ್ ಬುಕಿಂಗ್, ವಾಪಸ್ ಟಿಕೆಟ್, ಖರ್ಚಿಗೆ ಹಣ ಇದೆಯೇ ಎಂದು ಕೇಳುವ ಅಧಿಕಾರವಿದೆ. ಒಂದು ದೇಶದ ವೀಸಾ ಹಿಡಿದು ಐದೂ ರಾತ್ರಿ ಇನ್ನೊಂದು ದೇಶದ ಹೋಟೆಲ್ ತೋರಿಸಿದರೆ ಪ್ರಶ್ನೆ ಏಳುವುದು ಸಹಜ. ವೀಸಾ ಕೈಯಲ್ಲಿದ್ದ ಮಾತ್ರಕ್ಕೆ ಒಳಗೆ ಬಿಡಲೇಬೇಕು ಎಂದಿಲ್ಲ ಎಂಬುದನ್ನು ಅನೇಕರು ಗಡಿಯಲ್ಲೇ ಕಲಿಯುತ್ತಾರೆ.

ಅರ್ಜಿಯ ಜೊತೆಗೆ ಹೋಗುವ ಕಾಗದಗಳ ಕಂತೆಯನ್ನು ಒಮ್ಮೆ ಬಿಡಿಸಿ ನೋಡಬೇಕು. ಹತ್ತು ವರ್ಷದೊಳಗೆ ಕೊಟ್ಟಿರುವ, ಮರಳಿದ ಮೇಲೆ ಕನಿಷ್ಠ ಮೂರು ತಿಂಗಳು ಚಾಲ್ತಿಯಲ್ಲಿರುವ, ಎರಡು ಖಾಲಿ ಪುಟಗಳಿರುವ ಪಾಸ್‌ಪೋರ್ಟ್. 30,000 ಯೂರೋವರೆಗಿನ ವೈದ್ಯಕೀಯ ಖರ್ಚು ಭರಿಸುವ ಪ್ರಯಾಣ ವಿಮೆ. ಬ್ಯಾಂಕ್ ಸ್ಟೇಟ್‌ಮೆಂಟ್. ಕೆಲಸದ ಕಡೆಯಿಂದ ರಜೆ ಕೊಟ್ಟಿದ್ದೇವೆ, ವಾಪಸ್ ಬರುತ್ತಾನೆ ಎಂಬ ಪತ್ರ. ವೀಸಾ ಸಿಗದೇ ಹೋದರೂ ನಷ್ಟವಾಗದಂಥ, ರದ್ದು ಮಾಡಬಹುದಾದ ಹೋಟೆಲ್ ಬುಕಿಂಗ್. ಬ್ರಿಟನ್ನಿನಲ್ಲಿ ವಾಸಿಸುವ ಹಕ್ಕಿದೆ ಎಂಬುದಕ್ಕೆ ಸಾಕ್ಷಿ. ಈ ಕೊನೆಯದರಲ್ಲಿ ಹೊಸ ತೊಡಕು ಬಂದಿದೆ. ಹಿಂದೆ ಗುಲಾಬಿ ಬಣ್ಣದ ಪ್ಲಾಸ್ಟಿಕ್ ರೆಸಿಡೆನ್ಸ್ ಕಾರ್ಡ್ ಇತ್ತು, ಮೇಜಿನ ಮೇಲಿಟ್ಟರೆ ಮುಗಿಯುತ್ತಿತ್ತು. ಆ ಕಾರ್ಡುಗಳ ಕಾಲ 2024ರ ಡಿಸೆಂಬರ್ 31ಕ್ಕೆ ಮುಗಿಯಿತು. ಈಗ ಎಲ್ಲವೂ ಇ-ವೀಸಾ. ಆನ್‌ಲೈನ್‌ನಲ್ಲಿ ‘ಶೇರ್ ಕೋಡ್’ ತೆಗೆದು ಅದನ್ನು ಮುದ್ರಿಸಿ ಕೊಡಬೇಕು. ಕಾಗದವೇ ಬೇಡ ಎಂದು ಬ್ರಿಟನ್ ತಂದ ವ್ಯವಸ್ಥೆಯ ಪ್ರಿಂಟ್‌ಔಟ್ ಇನ್ನೊಂದು ದೇಶದ ಫೈಲಿನೊಳಗೆ ಸೇರುತ್ತದೆ.

ಇಷ್ಟೆಲ್ಲ ಆಗಿ ಪಾಸ್‌ಪೋರ್ಟಿನ ಪುಟಕ್ಕೆ ಅಂಟಿಕೊಳ್ಳುವ ಹಸಿರು ಸ್ಟಿಕರನ್ನು ಕನ್ನಡಕ ಹಾಕಿಕೊಂಡೇ ಓದಬೇಕು. ಅದರಲ್ಲಿ ‘ಇಂಥ ದಿನದಿಂದ – ಇಂಥ ದಿನದವರೆಗೆ’ ಎಂದು ಎರಡು ತಾರೀಖು ಇರುತ್ತವೆ. ಪಕ್ಕದಲ್ಲೇ ಇನ್ನೊಂದು ಸಂಖ್ಯೆ, ಇರಬಹುದಾದ ದಿನಗಳದ್ದು. ತಾರೀಖುಗಳ ನಡುವೆ ಇಪ್ಪತ್ತು ದಿನ ಇದ್ದು ದಿನಗಳ ಜಾಗದಲ್ಲಿ 5 ಎಂದಿದ್ದರೆ ಐದೇ ದಿನ. ಮಿಕ್ಕ ಹದಿನೈದು ನಿಮ್ಮ ರೈಲು, ವಿಮಾನ ಹಿಂದೆ ಮುಂದೆ ಆದೀತೆಂದು ಕೊಟ್ಟ ಸಡಿಲ. ಮೂರನೆಯದು ಎಷ್ಟು ಸಲ ಒಳಗೆ ಬರಬಹುದು ಎಂಬುದು. ‘01’ ಎಂದಿದ್ದರೆ ಒಂದೇ ಸಲ. ಪ್ಯಾರಿಸ್ ನೋಡಿ ಲಂಡನ್‌ಗೆ ಬಂದು ಮತ್ತೆ ರೋಮ್‌ಗೆ ಹೊರಡುವ ಪ್ಯಾಕೇಜ್ ಟೂರು ಈ ‘01’ ಮೇಲೆ ನಡೆಯುವುದಿಲ್ಲ. ‘ಮಲ್ಟ್’ ಎಂದು ಮುದ್ರಿಸಿರಬೇಕು. ಪ್ಯಾರಿಸ್‌ನಿಂದ ಜ್ಯೂರಿಕ್‌ಗೆ ಹೋಗುವುದು ವಲಯದೊಳಗಿನ ಓಡಾಟವಾದ್ದರಿಂದ ಅದು ಲೆಕ್ಕಕ್ಕಿಲ್ಲ.

ನನಗೆ ಇದರಲ್ಲಿ ತಕರಾರಿರುವುದು ಕಾಗದ ಕೇಳುವುದರ ಬಗ್ಗೆ ಅಲ್ಲ. ಯಾವ ದೇಶಕ್ಕೂ ತನ್ನ ಬಾಗಿಲು ಕಾಯುವ ಹಕ್ಕಿದೆ. ಆದರೆ ಹತ್ತು ವರ್ಷ ಒಂದೇ ಊರಲ್ಲಿ ದುಡಿದು, ನಾಲ್ಕು ಸಲ ಹೋಗಿ ನಾಲ್ಕು ಸಲವೂ ತಪ್ಪದೆ ಮರಳಿದವನು ಐದನೇ ಸಲವೂ ಮೊದಲ ಸಲದವನಂತೆಯೇ ತಾನು ಮರಳುತ್ತೇನೆಂದು ಸಾಬೀತು ಮಾಡಬೇಕಾದಾಗ, ವ್ಯವಸ್ಥೆಗೆ ನೆನಪಿನ ಶಕ್ತಿಯೇ ಇಲ್ಲವೇ ಅನ್ನಿಸುತ್ತದೆ. ಬೆರಳಚ್ಚಿನ ವಿಷಯದಲ್ಲಿ ಅದರ ನೆನಪು ಗಟ್ಟಿಯಾಗಿಯೇ ಇದೆ. ಒಮ್ಮೆ ಕೊಟ್ಟ ಅಚ್ಚನ್ನು 59 ತಿಂಗಳವರೆಗೆ ಮತ್ತೆ ಬಳಸಿಕೊಳ್ಳಬಹುದು.

ಪದೇಪದೇ ಹೋಗಿ ಬರುವವರಿಗೆ ಹೆಚ್ಚು ಅವಧಿಯ ವೀಸಾ ಕೊಡಬೇಕೆಂಬ ನಿಯಮ ಇಲ್ಲದಿಲ್ಲ. ಎರಡು ವರ್ಷದಲ್ಲಿ ಮೂರು ವೀಸಾ ಸರಿಯಾಗಿ ಬಳಸಿದವರಿಗೆ ಒಂದು ವರ್ಷದ್ದು, ಆಮೇಲೆ ಎರಡು, ಆಮೇಲೆ ಐದು, ಹೀಗೆ ಮೆಟ್ಟಿಲು ಮೆಟ್ಟಿಲಾಗಿ. 2024ರ ಏಪ್ರಿಲ್‌ನಲ್ಲಿ ಯುರೋಪಿಯನ್ ಕಮಿಷನ್ ಭಾರತೀಯರಿಗಾಗಿ ಈ ಮೆಟ್ಟಿಲನ್ನು ಸುಲಭ ಮಾಡಿತು. ಮೂರು ವರ್ಷದಲ್ಲಿ ಎರಡು ವೀಸಾ ಬಳಸಿದ್ದರೆ ನೇರ ಎರಡು ವರ್ಷದ್ದು, ಅದಾದ ಮೇಲೆ ಪಾಸ್‌ಪೋರ್ಟ್ ಅವಧಿ ಸಾಲುವಷ್ಟಿದ್ದರೆ ಐದು ವರ್ಷದ್ದು. ಒಂದೇ ಷರತ್ತು, ಅರ್ಜಿದಾರರು ಭಾರತದಲ್ಲಿ ವಾಸವಿದ್ದು ಭಾರತದಲ್ಲೇ ಅರ್ಜಿ ಹಾಕಿರಬೇಕು. ಹಾಗಾಗಿ ಜಯನಗರದಲ್ಲಿ ಕೂತು ವರ್ಷಕ್ಕೊಮ್ಮೆ ಯುರೋಪ್ ಸುತ್ತುವವರಿಗೆ ಸಿಗುವ ಅನುಕೂಲ, ಫ್ರಾನ್ಸ್‌ನಿಂದ ಎರಡೂಕಾಲು ಗಂಟೆ ದೂರದಲ್ಲಿರುವ ಅವರ ಮಗನಿಗೆ ಸಿಗುವುದಿಲ್ಲ. ಆ ಮಗ ಕಡೆಗೆ ಬೇಸತ್ತು ಟರ್ಕಿಗೆ ಹೋಗುತ್ತಾನೆ. ಬ್ರಿಟನ್ನಿನ ವೀಸಾ ಅಥವಾ ವಾಸದ ಪರವಾನಗಿ ಇರುವ ಭಾರತೀಯರಿಗೆ ಅದು ಆನ್‌ಲೈನ್‌ನಲ್ಲೇ ಇ-ವೀಸಾ ಕೊಡುತ್ತದೆ. ಕಣ್ಣಿಗೆ ಕಾಣುವ ದೇಶಕ್ಕಿಂತ ನಾಲ್ಕು ಗಂಟೆ ಹಾರಿ ಸೇರುವ ದೇಶ ಹತ್ತಿರವಾಗುವುದು ಹೀಗೆ.

ಊರಿಂದ ಮಕ್ಕಳನ್ನು ನೋಡಲು ಬರುವ ತಂದೆ ತಾಯಂದಿರು ಎಡವುವುದೂ ಎಲ್ಲಿಂದ ಅರ್ಜಿ ಹಾಕಬೇಕು ಎಂಬಲ್ಲೇ. ಥೇಮ್ಸ್ ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ, 2015ರ ನವೆಂಬರ್ 14ರಂದು ಅನಾವರಣಗೊಂಡ ಬಸವಣ್ಣನವರ ಪ್ರತಿಮೆಗೆ ಕೈಮುಗಿದು, ಬಿಗ್ ಬೆನ್ ಮುಂದೆ ಫೋಟೊ ತೆಗೆಸಿಕೊಂಡ ಮೇಲೆ ‘ಇಷ್ಟು ದೂರ ಬಂದಿದೀವಿ, ಪ್ಯಾರಿಸ್ಸೂ ನೋಡ್ಕೊಂಡೇ ಹೋಗೋಣ’ ಎಂಬ ಮಾತು ಬಂದೇ ಬರುತ್ತದೆ. ಆಗ ತಡವಾಗಿರುತ್ತದೆ. ಬ್ರಿಟನ್ನಿನ ವೀಸಾ ಷೆಂಗೆನ್‌ಗೆ ನಡೆಯದು. ಷೆಂಗೆನ್ ವೀಸಾಕ್ಕೆ ಸಾಮಾನ್ಯವಾಗಿ ತಾವು ವಾಸವಿರುವ ದೇಶದಿಂದಲೇ ಅರ್ಜಿ ಹಾಕಬೇಕು. ಪ್ರವಾಸಿಯಾಗಿ ಬಂದು ಲಂಡನ್ನಿನಲ್ಲಿ ಹಾಕುತ್ತೇನೆಂದರೆ ಊರಲ್ಲೇ ಯಾಕೆ ಹಾಕಲಿಲ್ಲ ಎಂಬುದಕ್ಕೆ ಒಪ್ಪುವಂಥ ಕಾರಣ ಕೊಡಬೇಕು. ‘ಆಗ ಹೊಳೀಲಿಲ್ಲ’ ಎಂಬುದು ಅಂಥ ಕಾರಣವಲ್ಲ. ಎರಡೂ ವೀಸಾ ಬೆಂಗಳೂರಿನಲ್ಲೇ ಮಾಡಿಸಿಕೊಂಡು ವಿಮಾನ ಹತ್ತುವುದೊಂದೇ ದಾರಿ. ಒಂದರ ಅರ್ಜಿಗೆ ಪಾಸ್‌ಪೋರ್ಟ್ ಕೊಟ್ಟರೆ ಅದು ಮರಳಿ ಬರುವ ತನಕ ಇನ್ನೊಂದಕ್ಕೆ ಕೊಡಲಾಗದು. ಆದ್ದರಿಂದ ಮೊಮ್ಮಗನ ಹುಟ್ಟುಹಬ್ಬ ಜೂನ್‌ನಲ್ಲಿದ್ದರೆ ತಯಾರಿ ಸಂಕ್ರಾಂತಿಗೇ ಶುರುವಾಗಬೇಕು.

ಇನ್ನು ಬ್ರಿಟಿಷರ ಪಾಡು. 2020ರ ಡಿಸೆಂಬರ್ 31ರವರೆಗೆ ಅವರು ಫ್ರಾನ್ಸ್, ಸ್ಪೇನ್‌ಗಳಿಗೆ ತಮ್ಮದೇ ಮನೆಯಂತೆ ಹೋಗುತ್ತಿದ್ದರು. ಬ್ರೆಕ್ಸಿಟ್‌ನ ಪರಿವರ್ತನಾ ಅವಧಿ ಮುಗಿದ ಮರುದಿನದಿಂದ ಅವರೂ ‘ಮೂರನೇ ದೇಶದವರು’. ವೀಸಾ ಬೇಡ, ನಿಜ. ಆದರೆ ಯಾವುದೇ 180 ದಿನಗಳಲ್ಲಿ 90 ದಿನ ಮಾತ್ರ. ಬಂದ ದಿನವೂ ಹೋದ ದಿನವೂ ಪೂರ್ತಿ ದಿನವೆಂದೇ ಲೆಕ್ಕ. 180 ಅಂದರೆ ಜನವರಿಯಿಂದ ಜೂನ್ ಎಂಬ ಅರ್ಧ ವರ್ಷವಲ್ಲ. ಪ್ರತಿದಿನ ಬೆಳಗ್ಗೆ ಎದ್ದು ಹಿಂದಿನ 180 ದಿನ ಎಣಿಸುವ ಲೆಕ್ಕ. ಚಳಿ ತಾಳದೆ ಜನವರಿ 1ಕ್ಕೆ ಸ್ಪೇನ್‌ಗೆ ಹೋಗಿ ಮಾರ್ಚ್ 31ಕ್ಕೆ ಮರಳಿದ ಬ್ರಿಟಿಷ್ ಪಿಂಚಣಿದಾರ ಮತ್ತೆ ಅಲ್ಲಿಗೆ ಕಾಲಿಡಲು ಜೂನ್ 30ರವರೆಗೆ ಕಾಯಬೇಕು, ಅಲ್ಲಿ ಅವನದೇ ಮನೆ ಇದ್ದರೂ. ಫ್ರಾನ್ಸಿನಲ್ಲಿ ಮನೆ ಇರುವ ಬ್ರಿಟಿಷರಿಗೆ ವಿನಾಯಿತಿ ಕೊಡುವ ಒಂದು ತಿದ್ದುಪಡಿಯನ್ನು ಅಲ್ಲಿನ ಸಂಸತ್ತೇ ವಲಸೆ ಮಸೂದೆಯೊಳಗೆ ಸೇರಿಸಿ ಪಾಸು ಮಾಡಿತ್ತು. 2024ರ ಜನವರಿಯಲ್ಲಿ ಫ್ರಾನ್ಸಿನ ಸಂವಿಧಾನ ಮಂಡಳಿ ಅದನ್ನು ತೆಗೆದುಹಾಕಿತು.

ಇನ್ನೊಂದು ಸಣ್ಣ ನಿಯಮ ಬಹಳ ಜನರ ರಜೆ ಕೆಡಿಸಿದೆ. 2018ರ ಸೆಪ್ಟೆಂಬರ್‌ಗೆ ಮುಂಚೆ ಬ್ರಿಟನ್ನಿನಲ್ಲಿ ಪಾಸ್‌ಪೋರ್ಟ್ ನವೀಕರಿಸಿದವರಿಗೆ ಹಳೆಯದರಲ್ಲಿ ಉಳಿದ ತಿಂಗಳುಗಳನ್ನು ಹೊಸದಕ್ಕೆ ಸೇರಿಸಿ ಕೊಡುತ್ತಿದ್ದರು. ಹತ್ತು ವರ್ಷ ಒಂಬತ್ತು ತಿಂಗಳ ಪುಸ್ತಕವೂ ಇರಬಹುದಿತ್ತು. ಯುರೋಪ್ ಹೇಳುವುದು, ಒಳಗೆ ಬರುವ ದಿನ ಪುಸ್ತಕಕ್ಕೆ ಹತ್ತು ವರ್ಷ ತುಂಬಿರಬಾರದು ಎಂದು. ಮುಗಿಯುವ ತಾರೀಖು ಮಾತ್ರ ನೋಡಿ ‘ಇನ್ನೂ ಆರು ತಿಂಗಳಿದೆ’ ಎಂದು ಸೂಟ್‌ಕೇಸ್ ಕಟ್ಟಿದವರನ್ನು ವಿಮಾನ ನಿಲ್ದಾಣದಿಂದಲೇ ಮನೆಗೆ ಕಳಿಸಿದ್ದಾರೆ. ಬ್ರೆಕ್ಸಿಟ್‌ನಿಂದ ಇನ್ನೊಂದು ಸದ್ದಿಲ್ಲದ ನಷ್ಟವೂ ಆಯಿತು. ಬ್ರಿಟನ್ ಒಕ್ಕೂಟದಲ್ಲಿದ್ದಾಗ ಬ್ರಿಟಿಷ್ ಪ್ರಜೆಯ ಜೊತೆ ಪ್ರಯಾಣಿಸುವ ಭಾರತೀಯ ಪತ್ನಿ ಅಥವಾ ಪತಿಗೆ ಕುಟುಂಬದವರೆಂಬ ಕಾರಣಕ್ಕೆ ವೀಸಾ ಉಚಿತವಾಗಿ, ಬೇಗ ಸಿಗುತ್ತಿತ್ತು. ಆ ಅನುಕೂಲ ಈಗ ಐರಿಷ್ ಪ್ರಜೆಯನ್ನೋ ಜರ್ಮನ್ ಪ್ರಜೆಯನ್ನೋ ಮದುವೆಯಾದವರಿಗಿದೆ, ಬ್ರಿಟಿಷ್ ಪ್ರಜೆಯನ್ನು ಮದುವೆಯಾದವರಿಗಿಲ್ಲ.

ಷೆಂಗೆನ್ ಗಡಿಗಳಲ್ಲಿ 2025ರ ಅಕ್ಟೋಬರ್ 12ರಿಂದ ಹಂತಹಂತವಾಗಿ ಜಾರಿಗೆ ಬಂದ ಹೊಸ ವ್ಯವಸ್ಥೆಯ ಹೆಸರು ಎಂಟ್ರಿ-ಎಕ್ಸಿಟ್ ಸಿಸ್ಟಮ್, ಎಲ್ಲರ ಬಾಯಲ್ಲಿ ಇಇಎಸ್. ಮೊದಲ ಸಲ ಹೋಗುವವರ ಮುಖದ ಚಿತ್ರ, ನಾಲ್ಕು ಬೆರಳಿನ ಅಚ್ಚು ತೆಗೆದುಕೊಂಡು ಮೂರು ವರ್ಷ ಇಟ್ಟುಕೊಳ್ಳುತ್ತದೆ. ಹನ್ನೆರಡರೊಳಗಿನ ಮಕ್ಕಳಿಗೆ ಬೆರಳಚ್ಚು ಇಲ್ಲ. ಷೆಂಗೆನ್ ವೀಸಾ ಪಡೆದವರ ಬೆರಳಚ್ಚು ಮೊದಲೇ ವೀಸಾ ಕಡತದಲ್ಲಿರುವುದರಿಂದ ಅವರದು ಮುಖ ಮಾತ್ರ. ಅಂದರೆ ಭಾರತೀಯ ಪಾಸ್‌ಪೋರ್ಟಿನ ಹೆಂಡತಿಗಿಂತ ಬ್ರಿಟಿಷ್ ಪಾಸ್‌ಪೋರ್ಟಿನ ಗಂಡನೇ ಈ ಯಂತ್ರದ ಮುಂದೆ ಹೆಚ್ಚು ಹೊತ್ತು ನಿಲ್ಲುವ ಪ್ರಸಂಗವೂ ಉಂಟು. ಇದರ ಜೊತೆಗೆ ಪಾಸ್‌ಪೋರ್ಟ್ ಪುಟಕ್ಕೆ ಬೀಳುತ್ತಿದ್ದ ಮೊಹರು ಹೋಗುತ್ತದೆ. ಒಳಗೆ ಬಂದದ್ದಕ್ಕೆ ಚೂಪು ಮೂಲೆಯ ಆಯತ, ಹೊರಗೆ ಹೋದದ್ದಕ್ಕೆ ದುಂಡು ಮೂಲೆಯದು, ಮೂಲೆಯಲ್ಲಿ ಸಣ್ಣ ರೈಲು, ಹಡಗು ಅಥವಾ ವಿಮಾನದ ಚಿತ್ರ. ಆ ಚಿತ್ರ ನೋಡಿ ಯಾವ ಪ್ರವಾಸ ಎಂದು ನೆನಪಿಸಿಕೊಳ್ಳುತ್ತಿದ್ದವರು ಇನ್ನು ಮೊಬೈಲಿನ ಫೋಟೊಗಳನ್ನೇ ನಂಬಬೇಕು. ಇಇಎಸ್ ಆದ ಮೇಲೆ ವೀಸಾ ಬೇಡದ ದೇಶಗಳವರಿಗೆ ಇಟಿಯಾಸ್ ಎಂಬ ಆನ್‌ಲೈನ್ ಅನುಮತಿ ಬರಲಿದೆ, ಶುಲ್ಕ 20 ಯೂರೋ. ಬ್ರಿಟನ್ ಏನೂ ಹಿಂದೆ ಬಿದ್ದಿಲ್ಲ. ಯುರೋಪಿನವರಿಗೆ ತನ್ನದೇ ಇಟಿಎ ಅನುಮತಿಯನ್ನು 2025ರ ಏಪ್ರಿಲ್ 2ರಿಂದ ಕಡ್ಡಾಯ ಮಾಡಿ, ಒಂದೇ ವಾರದಲ್ಲಿ ಶುಲ್ಕವನ್ನು 10ರಿಂದ 16 ಪೌಂಡಿಗೆ ಏರಿಸಿತು. ಭಾರತೀಯರಿಗೆ ಇವೆರಡೂ ಬೇಡ. ವೀಸಾ ಪಡೆಯಬೇಕಾದವರಿಗೆ ಅನುಮತಿಯ ಮಾತೆಲ್ಲಿ?

ಬುತ್ತಿಯ ವಿಷಯ ಹೇಳದೆ ಹೋದರೆ ಕನ್ನಡದ ಓದುಗರಿಗೆ ಅನ್ಯಾಯ. 2021ರ ಜನವರಿಯಲ್ಲಿ ನೆದರ್ಲೆಂಡ್ಸ್‌ನ ಬಂದರೊಂದರಲ್ಲಿ ಬ್ರಿಟನ್ನಿನಿಂದ ಬಂದ ಲಾರಿ ಚಾಲಕನ ಹ್ಯಾಮ್ ಸ್ಯಾಂಡ್‌ವಿಚ್ಚನ್ನು ಸುಂಕದವರು ಕಿತ್ತುಕೊಂಡದ್ದು ಟೀವಿಯಲ್ಲಿ ಬಂತು. ಬ್ರೆಡ್ಡನ್ನಾದರೂ ಬಿಡಿ ಎಂದು ಅವನು ಕೇಳಿದ. ಎಲ್ಲವನ್ನೂ ತೆಗೆದುಕೊಂಡ ಅಧಿಕಾರಿ ಬ್ರೆಕ್ಸಿಟ್‌ಗೆ ಸ್ವಾಗತ ಎಂದ. ಒಕ್ಕೂಟದ ಹೊರಗಿನಿಂದ ಮಾಂಸ, ಹಾಲು ಮತ್ತು ಅವುಗಳಿಂದ ಮಾಡಿದ್ದನ್ನು ಕೈಚೀಲದಲ್ಲಿ ತರುವಂತಿಲ್ಲ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಚಿತ್ರಾನ್ನ ಪರವಾಗಿಲ್ಲ, ಮೊಸರನ್ನ ಕೂಡದು. ಪುಳಿಯೋಗರೆ ಗೊಜ್ಜು ಒಯ್ಯಬಹುದು, ಧಾರವಾಡ ಪೇಡ ಮನೆಯಲ್ಲೇ ಬಿಡಿ. ತಾಜಾ ಹಣ್ಣು ತರಕಾರಿಗೆ ಸಸ್ಯ ಆರೋಗ್ಯ ಪತ್ರ ಬೇಕು. ಅದು ಬೇಡದ ಹಣ್ಣುಗಳು ಐದೇ: ಬಾಳೆಹಣ್ಣು, ತೆಂಗಿನಕಾಯಿ, ಖರ್ಜೂರ, ಅನಾನಸ್, ದುರಿಯನ್. ಅಷ್ಟರಮಟ್ಟಿಗೆ ಹಣ್ಣುಕಾಯಿ ಮಾಡಿಸಿಕೊಂಡು ಹೊರಡಲು ಯುರೋಪಿಯನ್ ಒಕ್ಕೂಟದ ಅಡ್ಡಿಯಿಲ್ಲ. ಬರುವಾಗಲೂ ಎಚ್ಚರ ಬೇಕು. ಕಾಲುಬಾಯಿ ಜ್ವರದ ಭಯದಿಂದ ಬ್ರಿಟನ್ 2025ರ ಏಪ್ರಿಲ್‌ನಲ್ಲಿ ಒಕ್ಕೂಟದ ದೇಶಗಳಿಂದ ಮಾಂಸ, ಹಾಲಿನ ಪದಾರ್ಥ ತರುವುದನ್ನು ನಿಷೇಧಿಸಿತು. ಪ್ಯಾರಿಸ್‌ನ ಚೀಸ್ ಅಂಗಡಿಯಲ್ಲಿ ಕೈ ಬಿಗಿ ಹಿಡಿಯುವುದು ಜಾಣತನ.

ಇಷ್ಟು ಹೊತ್ತು ಹೇಳಿದ್ದೆಲ್ಲ ಗಾಜಿನ ಗೂಡು, ಯಂತ್ರ, ಮೊಹರು ಇರುವ ಗಡಿ. ಬ್ರಿಟನ್ನಿಗೆ ನೆಲದ ಮೇಲೆ ಅಂಟಿಕೊಂಡ ನೆರೆಯ ದೇಶ ಇನ್ನೊಂದಿದೆ, ಐರ್ಲೆಂಡ್. ಅಲ್ಲಿ ಇದ್ಯಾವುದೂ ಇಲ್ಲ, ಅದಕ್ಕೇ ಅಲ್ಲಿನ ನಿಯಮ ಹೆಚ್ಚು ಮೋಸ ಮಾಡುತ್ತದೆ.

ಉತ್ತರ ಐರ್ಲೆಂಡ್ ಬ್ರಿಟನ್ನಿನ ಭಾಗ. ಅದಕ್ಕೂ ಐರಿಷ್ ಗಣರಾಜ್ಯಕ್ಕೂ ನಡುವೆ ಸುಮಾರು 500 ಕಿಲೋಮೀಟರ್ ಗಡಿ. ಇನ್ನೂರಕ್ಕೂ ಹೆಚ್ಚು ಕಡೆ ರಸ್ತೆಗಳು ಅದನ್ನು ದಾಟುತ್ತವೆ. ಉತ್ತರ ಐರ್ಲೆಂಡ್ ಹಿಂಸೆಯಲ್ಲಿ ಬೆಂದ ಅಶಾಂತಿಯ ದಶಕಗಳಲ್ಲಿ ಇಲ್ಲಿ ಸೈನ್ಯದ ಕಾವಲು ಗೋಪುರಗಳಿದ್ದವು, ಸಣ್ಣ ರಸ್ತೆಗಳನ್ನು ಅಗೆದು, ಕಾಂಕ್ರೀಟ್ ದಿಮ್ಮಿ ಇಟ್ಟು ಮುಚ್ಚಿದ್ದರು. 1998ರ ಏಪ್ರಿಲ್ 10ರ ಗುಡ್ ಫ್ರೈಡೇ ಶಾಂತಿ ಒಪ್ಪಂದದ ನಂತರ ಅವೆಲ್ಲ ಒಂದೊಂದಾಗಿ ಹೋದವು. ಈಗ ಗಡಿ ದಾಟಿದ್ದು ಗೊತ್ತಾಗುವುದು ವೇಗದ ಫಲಕ ಮೈಲಿಯಿಂದ ಕಿಲೋಮೀಟರಿಗೆ ಬದಲಾದಾಗ, ಅಥವಾ ಮೊಬೈಲಿಗೆ ಹೊಸ ದೇಶದ ಸ್ವಾಗತ ಸಂದೇಶ ಬಂದಾಗ. ಮೊನಾಹನ್ ಜಿಲ್ಲೆಯ ಕ್ಲೋನ್ಸ್ ಪಟ್ಟಣದಿಂದ ಕ್ಯಾವನ್ ಕಡೆಗೆ ಹೋಗುವ ರಸ್ತೆ ಸುಮಾರು ಹತ್ತು ಕಿಲೋಮೀಟರ್ ಒಳಗೆ ನಾಲ್ಕು ಸಲ ಗಡಿ ದಾಟುತ್ತದೆ. ಅಲ್ಲಿಯೇ ಡ್ರಮ್ಮಲಿ ಎಂಬ ತುಂಡು ಭೂಮಿಯಿದೆ. ಅದು ಐರ್ಲೆಂಡ್ ಗಣರಾಜ್ಯಕ್ಕೆ ಸೇರಿದ್ದು, ಆದರೆ ರಸ್ತೆಯಲ್ಲಿ ಅಲ್ಲಿಗೆ ಹೋಗಬೇಕಾದರೆ ಬ್ರಿಟನ್ನಿನ ನೆಲ ತುಳಿಯಲೇಬೇಕು.

ಈ ಸಲಿಗೆಗೆ ಆಧಾರ ಕಾಮನ್ ಟ್ರಾವೆಲ್ ಏರಿಯಾ ಎಂಬ ಏರ್ಪಾಡು. 1920ರ ದಶಕದ ಆರಂಭದಲ್ಲಿ ಐರ್ಲೆಂಡ್ ಬೇರೆಯಾದಾಗಿನಿಂದ ಇದೆ, 2019ರ ಮೇ ತಿಂಗಳಲ್ಲಿ ಎರಡೂ ಸರ್ಕಾರಗಳು ಮತ್ತೆ ಸಹಿ ಹಾಕಿ ಗಟ್ಟಿ ಮಾಡಿಕೊಂಡಿವೆ. ಬ್ರಿಟಿಷರು, ಐರಿಷರು ಒಬ್ಬರ ದೇಶದಲ್ಲಿ ಇನ್ನೊಬ್ಬರು ವೀಸಾ ಇಲ್ಲದೆ ಇರಬಹುದು, ದುಡಿಯಬಹುದು, ಮತ ಹಾಕಬಹುದು. ಆದರೆ ಅದು ಅವರಿಬ್ಬರಿಗೆ ಮಾತ್ರ. ಡೆರಿ ನಗರದ ಆಸ್ಪತ್ರೆಯಲ್ಲಿ ದುಡಿಯುವ ಭಾರತೀಯ ವೈದ್ಯರು ಭಾನುವಾರ ಸಮುದ್ರ ನೋಡಲು ಕೆಲವೇ ಕಿಲೋಮೀಟರ್ ಆಚೆಯ ಡೊನೆಗಾಲ್‌ಗೆ ಕಾರು ಓಡಿಸಿದರೆ, ಐರಿಷ್ ವೀಸಾ ಇಲ್ಲದಿದ್ದಲ್ಲಿ, ಅದು ಅಕ್ರಮ ಪ್ರವೇಶ. ಆಚೆ ಬದಿಯ ಡಂಡಾಕ್‌ನಲ್ಲಿ ಕೆಲಸ ಮಾಡುವ ಭಾರತೀಯ ನರ್ಸ್ ಸಾಮಾನು ಅಗ್ಗವೆಂದು ನ್ಯೂರಿಗೆ ಬಂದರೂ ಅದೇ. ತಡೆಯುವ ಗೇಟಿಲ್ಲ, ಕೇಳುವವರಿಲ್ಲ, ಆದರೂ ಕಾನೂನು ಇದೆ. ಬೆಲ್‌ಫಾಸ್ಟ್‌ನಿಂದ ಡಬ್ಲಿನ್‌ಗೆ ಹೋಗುವ ಬಸ್ಸನ್ನು ಐರಿಷ್ ಪೊಲೀಸರು ಆಗಾಗ ನಿಲ್ಲಿಸಿ ಒಳಗೆ ಹತ್ತುತ್ತಾರೆ. ಎಲ್ಲರ ಬಳಿಯೂ ಕೇಳುವುದಿಲ್ಲ, ಮೈಬಣ್ಣ ನೋಡಿ ಕೇಳುತ್ತಾರೆ ಎಂಬ ದೂರು ಹಿಂದಿನಿಂದ ಇದೆ. ಸಿಕ್ಕಿಬಿದ್ದರೆ ಆಗುವುದು ಆ ದಿನದ ಅವಮಾನವಷ್ಟೇ ಅಲ್ಲ. ಮುಂದೆ ಕಾಯಂ ವಾಸಕ್ಕೋ ಪೌರತ್ವಕ್ಕೋ ಅರ್ಜಿ ಹಾಕುವಾಗ ವಲಸೆ ನಿಯಮ ಮುರಿದಿದ್ದೀರಾ ಎಂಬ ಪ್ರಶ್ನೆಗೆ ಏನು ಬರೆಯುವುದು? ಅದಕ್ಕೇ ಬಲ್ಲವರು ಹೇಳುವುದು, ಅಲ್ಲಿ ಬಾಡಿಗೆ ಕಾರು ತೆಗೆದುಕೊಂಡರೆ ಮೊಬೈಲಿನ ನಕ್ಷೆ ತೋರಿಸಿದ ಹತ್ತಿರದ ದಾರಿಯನ್ನು ಕುರುಡಾಗಿ ಹಿಡಿಯಬೇಡಿ ಎಂದು.

ಐರ್ಲೆಂಡಿಗೆ ಹೋಗಲು ಭಾರತೀಯರಿಗೆ ಒಂದು ಸುಲಭ ದಾರಿ ಇದೆ, ಬ್ರಿಟಿಷ್-ಐರಿಷ್ ವೀಸಾ ಯೋಜನೆ. 2014–15ರಲ್ಲಿ ಚೀನಾ ಮತ್ತು ಭಾರತದ ಪ್ರವಾಸಿಗರಿಗಾಗಿ ಬಂತು. ಬ್ರಿಟನ್ನಿನ ಸಂದರ್ಶಕ ವೀಸಾದಲ್ಲಿ ‘ಬಿಐವಿಎಸ್’ ಎಂಬ ನಾಲ್ಕು ಅಕ್ಷರ ನಮೂದಾಗಿದ್ದರೆ, ಮೊದಲು ಬ್ರಿಟನ್ನಿಗೆ ಬಂದು, ಅಲ್ಲಿಂದ ಬೇರೆ ವೀಸಾ ಇಲ್ಲದೆ ಐರ್ಲೆಂಡಿಗೆ ಹೋಗಬಹುದು. ಬ್ರಿಟನ್ನಿನಲ್ಲಿ ಇರಲು ಉಳಿದಿರುವ ಅವಧಿ ಅಥವಾ 90 ದಿನ, ಯಾವುದು ಕಡಿಮೆಯೋ ಅಷ್ಟು. ನೇರವಾಗಿ ಡಬ್ಲಿನ್‌ಗೆ ಇಳಿಯುವಂತಿಲ್ಲ. ಇದು ಪ್ರವಾಸಿಗಳಿಗಷ್ಟೇ. ಕೆಲಸದ ವೀಸಾದಲ್ಲಿ ಬ್ರಿಟನ್ನಿನಲ್ಲೇ ನೆಲೆಸಿರುವ ಭಾರತೀಯರಿಗೆ ಇಲ್ಲ. ಅವರು ಐರಿಷ್ ವೀಸಾಕ್ಕೆ ಪ್ರತ್ಯೇಕ ಅರ್ಜಿ ಹಾಕಿ, ಬ್ಯಾಂಕ್ ಸ್ಟೇಟ್‌ಮೆಂಟ್, ಕೆಲಸದ ಪತ್ರ ಎಲ್ಲ ಜೋಡಿಸಬೇಕು.

ಆದ್ದರಿಂದ ಮಂಡ್ಯದಿಂದ ಮಗನ ಮನೆಗೆಂದು ಮೊದಲ ಸಲ ವಿಮಾನ ಹತ್ತಿ ಬಂದ ತಾಯಿ, ಇಂಗ್ಲಿಷ್ ಬಾರದೆಯೂ, ಮುಂದಿನ ಶನಿವಾರವೇ ಡಬ್ಲಿನ್ ನೋಡಿ ಬರಬಹುದು. ಆರು ವರ್ಷದಿಂದ ಲಂಡನ್ನಿನಲ್ಲಿ ದುಡಿಯುತ್ತಿರುವ ಮಗ ಅವರ ಟಿಕೆಟ್ ಮಾಡಿಸಿ, ಹೋಟೆಲ್ ಬುಕ್ ಮಾಡಿ, ವಿಮಾನ ನಿಲ್ದಾಣದವರೆಗೆ ಬಿಟ್ಟು ಬರಬಹುದು. ಜೊತೆಗೆ ಯಾರಾದರೂ ಹೋಗಲೇಬೇಕು ಎಂದರೆ, ಊರಿಂದಲೇ ಬಂದಿರುವ ಅಪ್ಪನೇ ಗತಿ.